ಕೆರೆಗಿಳಿದರೆ ಶಿಸ್ಟೊಸೋಮಿಯಾಸಿಸ್ ಬರುತ್ತದೆಯೇ?

ಪ್ರಶ್ನೆ: ನಮ್ಮ ಕಳವಾರದ ಕಡೆ ಕೆರೆ ತುಂಬ ಬಸವನಹುಳು. ಭಯಪಡಬೇಕೇ?

ಉತ್ತರ: ಮನುಷ್ಯರಲ್ಲಿ ಈ ರೋಗ ಭಾರತದಲ್ಲಿ ತೀರಾ ಅಪರೂಪ, ಹೆಸರಾದದ್ದು 1952ರಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಹಳ್ಳಿಯಿಂದ ವರದಿಯಾದ ಪ್ರಕರಣ. 2021ರಲ್ಲಿ ಜಗತ್ತಿನ 25 ಕೋಟಿಗೂ ಹೆಚ್ಚು ಜನರಿಗೆ ಚಿಕಿತ್ಸೆ ಬೇಕಿತ್ತು, ಬಹುಪಾಲು ಆಫ್ರಿಕಾದಲ್ಲಿ. ರೋಗಿಯ ಮಲಮೂತ್ರ ನೀರಿಗೆ ಸೇರಿದರೆ ಈ ರೋಗ ತರುವ ಹುಳುವಿನ ಮರಿ ಬಸವನಹುಳುವಿನೊಳಗೆ ಬೆಳೆದು ಹೊರಬರುತ್ತದೆ. ಬಟ್ಟೆ ಒಗೆಯುವವರ, ಈಜುವ ಮಕ್ಕಳ ಚರ್ಮ ಕೊರೆದು ಒಳಹೊಗುತ್ತದೆ. ಹಾಗಾಗಿ ಶೌಚಾಲಯ, ನಲ್ಲಿನೀರು ಇಲ್ಲದ ಊರುಗಳಿಗೇ ಅಪಾಯ ಹೆಚ್ಚು.

ನಮ್ಮಲ್ಲಿ ಈ ಹುಳುವಿನ ದಾಯಾದಿಗಳು ಕಾಡುವುದು ದನಗಳನ್ನು. ಮೂಗಿನೊಳಗೆ ಹೂಕೋಸಿನಂಥ ಗಂಟು, ಸಿಂಬಳ, ಗೊರಗೊರ ಉಸಿರು. ಅಂಥ ಹಸುವನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಆ ದಾಯಾದಿ ಹುಳುಗಳ ಮರಿಗಳು ನಮ್ಮ ಕಾಲಿಗೆ ತಗುಲಿದರೆ ನವೆ, ಗುಳ್ಳೆ ಬರಬಹುದು. ಆದರೆ ಚರ್ಮದಲ್ಲೇ ಸಾಯುತ್ತವೆ.