ಬ್ರೌಸರನ್ನು ಪಳಗಿಸಿಕೊಳ್ಳಿ

ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡ ಅಪ್ಪ ಆದಾಯ ಪ್ರಮಾಣಪತ್ರದ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳುತ್ತಿದ್ದಾರೆ. ಹೆಸರು, ವಿಳಾಸ, ಶಾಲೆ, ಪಡೆದ ಅಂಕ, ಬ್ಯಾಂಕ್ ಖಾತೆ ಎಲ್ಲವೂ ಮುಗಿದಿದೆ. ಕೊನೆಯ ಅಂಕಿ ತಪ್ಪಾಯಿತೆಂದು ಅಳಿಸಲು ಅವಳು ಬ್ಯಾಕ್‌ಸ್ಪೇಸ್ ಒತ್ತುತ್ತಾಳೆ. ಅಂಕಿ ಅಳಿಯುವುದಿಲ್ಲ, ಇಡೀ ಪುಟವೇ ಹಿಂದಕ್ಕೆ ಸರಿಯುತ್ತದೆ. ಗಾಬರಿಯಾಗಿ ಮತ್ತೆ ಮುಂದಕ್ಕೆ ಬಂದರೆ ಅರ್ಜಿ ಖಾಲಿ!

2016ಕ್ಕೆ ಮುಂಚೆ ಕಂಪ್ಯೂಟರ್ ಬಳಸಿದವರಿಗೆ ಇದು ಹೊಸ ಕತೆಯಲ್ಲ. ಆಗ ಬ್ಯಾಕ್‌ಸ್ಪೇಸ್ ಕೀಲಿಗೆ ಎರಡು ಕೆಲಸ ಇದ್ದವು. ಕರ್ಸರ್ ಬರೆಯುವ ಚೌಕದೊಳಗೆ ಇದ್ದರೆ ಅಕ್ಷರ ಅಳಿಸುವುದು. ಮೌಸ್ ತಾಗಿಯೋ ಮೈಮರೆತೋ ಕರ್ಸರ್ ಚೌಕದ ಹೊರಗೆ ಜಾರಿದ್ದರೆ ಹಿಂದಿನ ಪುಟಕ್ಕೆ ಹೋಗುವುದು. ಬೆರಳಿಗೆ ಈ ವ್ಯತ್ಯಾಸ ಹೇಗೆ ತಿಳಿಯಬೇಕು? ಗೂಗಲ್‌ನ ಎಂಜಿನಿಯರುಗಳು ಒಮ್ಮೆ ಲೆಕ್ಕ ಹಾಕಿದರು. ಲಕ್ಷ ಪುಟಗಳನ್ನು ನೋಡುವಾಗ ಸುಮಾರು 40 ಬಾರಿ ಜನ ಈ ಕೀಲಿಯಿಂದ ಹಿಂದಕ್ಕೆ ಹೋಗುತ್ತಿದ್ದರು. 5 ಬಾರಿ ಯಾವುದೋ ಅರ್ಜಿಯನ್ನು ತುಂಬಲು ತೊಡಗಿದ ಮೇಲೆ ಹಾಗಾಗುತ್ತಿತ್ತು. ಸಂಖ್ಯೆ ಚಿಕ್ಕದೇ. ಆದರೆ ಆ ಐವರಲ್ಲಿ ಒಬ್ಬರಾಗಿದ್ದವರಿಗೆ ಸಂಜೆಯೆಲ್ಲ ಹಾಳು. 2016ರ ಜುಲೈನಲ್ಲಿ ಬಂದ ಕ್ರೋಮ್‌ನ 52ನೇ ಆವೃತ್ತಿಯಲ್ಲಿ ಈ ಎರಡನೇ ಕೆಲಸವನ್ನು ಕಿತ್ತುಹಾಕಲಾಯಿತು. ಹಳೆಯ ರೂಢಿಯ ಜನ ಎಷ್ಟು ಗದ್ದಲ ಮಾಡಿದರೆಂದರೆ, ಬೇಕಾದವರು ಹಾಕಿಕೊಳ್ಳಲೆಂದು ಗೂಗಲ್ ತಾನೇ ಒಂದು ಎಕ್ಸ್‌ಟೆನ್ಷನ್ ಬಿಡಬೇಕಾಯಿತು. ಫೈರ್‌ಫಾಕ್ಸ್ ವಿಂಡೋಸ್‌ನಲ್ಲಿ ಈ ದಾರಿಗೆ ಬಂದದ್ದು 2021ರಲ್ಲಿ. ಈಗ ಹಿಂದಿನ ಪುಟಕ್ಕೆ ಹೋಗಲು ಆಲ್ಟ್ ಜೊತೆಗೆ ಎಡ ಬಾಣದ ಕೀಲಿ ಒತ್ತಬೇಕು. ಎರಡು ಬೆರಳು ಬೇಕಾದ್ದರಿಂದ ತಪ್ಪಿ ಒತ್ತುವ ಭಯ ಕಡಿಮೆ.

ಕೀಲಿ ಒತ್ತಿದರೆ ಏನಾಗಬೇಕು ಎಂಬುದು ಎಲ್ಲೋ ಕೂತ ಯಾರೋ ಮಾಡಿದ ತೀರ್ಮಾನ, ಅಷ್ಟೇ. ಅವರು ಬದಲಿಸಬಹುದಾದರೆ ಮನೆಯಲ್ಲಿ ಕೂತ ನೀವೇಕೆ ಬದಲಿಸಬಾರದು?

ಬದಲಿಸಬಹುದು, ಆದರೆ ಎಲ್ಲ ಬ್ರೌಸರುಗಳೂ ಒಂದೇ ಉದಾರಿಗಳಲ್ಲ. ಈ ವಿಷಯದಲ್ಲಿ ಹೆಸರು ಮಾಡಿದ್ದು ನಾರ್ವೆ ದೇಶದ ಒಪೆರಾ. 1990ರ ದಶಕದಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಯೋನ್ ವಾನ್ ಟೆಟ್ಷ್ನರ್ ಮುಂದೆ ಆ ಕಂಪನಿಯಿಂದ ಹೊರಬಂದರು. 2013ರಲ್ಲಿ ಒಪೆರಾ ತನ್ನ ಒಳಯಂತ್ರವನ್ನೇ ಬದಲಿಸಿದಾಗ ಹಳೆಯ ಸೌಲಭ್ಯಗಳು ಎಷ್ಟೋ ಮಾಯವಾದವು. ಬೇಸರಗೊಂಡ ಹಳೆಯ ಬಳಕೆದಾರರಿಗಾಗಿ ಟೆಟ್ಷ್ನರ್ ಕಟ್ಟಿದ ವಿವಾಲ್ಡಿ ಬ್ರೌಸರಿನ ಮೊದಲ ಪೂರ್ಣ ಆವೃತ್ತಿ 2016ರ ಏಪ್ರಿಲ್‌ನಲ್ಲಿ ಹೊರಬಂತು. ಅದರ ಸೆಟ್ಟಿಂಗ್ಸ್‌ನಲ್ಲಿ 'ಕೀಬೋರ್ಡ್' ಎಂಬ ವಿಭಾಗವಿದೆ. ಪ್ರತಿ ಕೆಲಸದ ಎದುರು ಒಂದು ಚೌಕ. ಅಲ್ಲಿ ಕ್ಲಿಕ್ ಮಾಡಿ ನಿಮಗೆ ಬೇಕಾದ ಕೀಲಿ ಒತ್ತಿದರೆ ಮುಗಿಯಿತು. ಬಲಗೈ ನೋವಿರುವವರು, ಒಂದೇ ಕೈಯಲ್ಲಿ ಕೆಲಸ ಮಾಡುವವರು ಎಲ್ಲ ಶಾರ್ಟ್‌ಕಟ್‌ಗಳನ್ನೂ ಎಡಭಾಗಕ್ಕೆ ತಂದುಕೊಳ್ಳಬಹುದು. ಒಂದೇ ಕೀಲಿಗೆ ಎರಡು ಕೆಲಸ ಹಚ್ಚದಂತೆ ನೋಡಿಕೊಂಡರೆ ಸಾಕು. ಬ್ಯಾಕ್‌ಸ್ಪೇಸಿನ ಕತೆ ಗೊತ್ತಲ್ಲ!

ಕ್ರೋಮ್ ಇಷ್ಟು ಸಡಿಲವಲ್ಲ. ಅಲ್ಲಿ ಮೂಲ ಕೀಲಿಗಳನ್ನು ಮುಟ್ಟುವಂತಿಲ್ಲ, ಎಕ್ಸ್‌ಟೆನ್ಷನ್‌ಗಳ ಕೀಲಿಗಳನ್ನು ಮಾತ್ರ ಬದಲಿಸಬಹುದು. ಫೈರ್‌ಫಾಕ್ಸ್‌ನಲ್ಲೂ ಎಕ್ಸ್‌ಟೆನ್ಷನ್ ಕೀಲಿಗಳಿಗೆ ಈ ಅವಕಾಶವಿದೆ. ಲಿನಕ್ಸ್ ಇರುವ ಲ್ಯಾಬ್‌ಗಳಲ್ಲಿ ಫೈರ್‌ಫಾಕ್ಸ್ ಬಳಸುವವರು ಇನ್ನೊಂದು ಅಪಾಯ ತಿಳಿದಿರಬೇಕು. ಕಂಟ್ರೋಲ್ ಜೊತೆ ಡಬ್ಲ್ಯೂ ಒತ್ತಿದರೆ ಒಂದು ಟ್ಯಾಬ್ ಮುಚ್ಚುತ್ತದೆ; ಪಕ್ಕದ ಕ್ಯೂ ಒತ್ತಿದರೆ ಬ್ರೌಸರೇ ಮುಚ್ಚುತ್ತದೆ. ಬಾಗಿಲ ಚಿಲಕದ ಪಕ್ಕದಲ್ಲೇ ಮನೆಯ ಮೇನ್ ಸ್ವಿಚ್ ಇಟ್ಟಂತೆ! ಮುಚ್ಚುವ ಮೊದಲು ಕೇಳು ಎಂದು ಹೇಳುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಅದಕ್ಕೆ ಗುರುತು ಹಾಕಿಡಿ.

ಕೀಲಿಗಳ ಮಾತು ಇಷ್ಟು. ಇದಕ್ಕಿಂತ ದೊಡ್ಡ ವಿಷಯ ಹುಡುಕುವ ಚೌಕದ್ದು.

2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ ಮೇಲೆ ಎರಡು ಚೌಕಗಳಿದ್ದವು: ವಿಳಾಸ ಬರೆಯಲು ಒಂದು, ಹುಡುಕಲು ಇನ್ನೊಂದು. ಹುಡುಕುವ ಚೌಕದಲ್ಲಿ ಯಾರನ್ನು ಕೇಳಬೇಕೆಂದು ಪಟ್ಟಿಯಿಂದ ಆರಿಸಬಹುದಿತ್ತು. 2008ರ ಸೆಪ್ಟೆಂಬರಿನಲ್ಲಿ ಕಾಲಿಟ್ಟ ಕ್ರೋಮ್ ಎರಡನ್ನೂ ಒಂದು ಮಾಡಿತು. 2017ರಲ್ಲಿ ಫೈರ್‌ಫಾಕ್ಸ್ ಕೂಡ ಹೊಸಬರಿಗೆ ಒಂದೇ ಚೌಕ ತೋರಿಸತೊಡಗಿತು. ನೋಡಲು ಅಚ್ಚುಕಟ್ಟು, ನಿಜ. ಆದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಕಣ್ಣಿನಿಂದ ಮರೆಯಾಯಿತು. ಮಗು ಏನೇ ಬರೆದು ಎಂಟರ್ ಒತ್ತಲಿ, ಅದು ಮೊದಲೇ ಗೊತ್ತುಮಾಡಿದ ಒಂದೇ ಕಂಪನಿಯ ಬಾಗಿಲಿಗೆ ಹೋಗುತ್ತದೆ.

ಆ ಬಾಗಿಲಿನ ಬೆಲೆ ಎಷ್ಟು ಗೊತ್ತೇ? ಅಮೆರಿಕದ ನ್ಯಾಯಾಲಯದಲ್ಲಿ ಹೊರಬಿದ್ದ ಲೆಕ್ಕದಂತೆ, ಬ್ರೌಸರು ಮತ್ತು ಫೋನುಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಲು ಗೂಗಲ್ 2021ರಲ್ಲಿ ಕೊಟ್ಟದ್ದು 2,630 ಕೋಟಿ ಡಾಲರ್. ಆಗಿನ ದರದಲ್ಲಿ ಸುಮಾರು 1.9 ಲಕ್ಷ ಕೋಟಿ ರೂಪಾಯಿ. ಅದೇ ಸಾಲಿನ ಕರ್ನಾಟಕ ಸರ್ಕಾರದ ಬಜೆಟ್ ಗಾತ್ರ ಸುಮಾರು 2.46 ಲಕ್ಷ ಕೋಟಿ ರೂಪಾಯಿ ಎಂಬುದನ್ನು ನೆನೆದರೆ ಈ ಮೊತ್ತದ ಅಂದಾಜು ಸಿಕ್ಕೀತು. 2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಗೂಗಲ್ ಹುಡುಕಾಟದ ಮಾರುಕಟ್ಟೆಯಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. 2025ರ ಸೆಪ್ಟೆಂಬರಿನ ಆದೇಶ, ಬೇರೆಯವರಿಗೆ ಜಾಗ ಕೊಡಬಾರದೆಂಬ ಕರಾರುಗಳನ್ನು ನಿಷೇಧಿಸಿತು. ಹಣ ಕೊಡುವುದನ್ನು ಪೂರ್ತಿ ತಡೆಯಲಿಲ್ಲ. ಜನ ಸೆಟ್ಟಿಂಗ್ಸ್ ಬದಲಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಇಷ್ಟು ಹಣ ಸುರಿಯುತ್ತದೆ ಎಂದರೆ, ಬದಲಿಸುವುದು ತೀರಾ ಸಣ್ಣ ಕೆಲಸವೇನಲ್ಲ.

ಒಂದು ಉದಾಹರಣೆ ನೋಡಿ. ವಿಜ್ಞಾನ ಪಾಠದಲ್ಲಿ 'ದ್ಯುತಿಸಂಶ್ಲೇಷಣೆ' ಬಂತು. ಸಾಮಾನ್ಯ ಚೌಕದಲ್ಲಿ ಬರೆದರೆ ವಿಡಿಯೊ, ಟ್ಯೂಷನ್ ಆ್ಯಪ್, ಯಾರದೋ ನೋಟ್ಸ್ ಎಲ್ಲವೂ ಮುತ್ತಿಕೊಳ್ಳುತ್ತವೆ. ಬೇಕಾದ್ದು ಕನ್ನಡ ವಿಕಿಪೀಡಿಯದ ಒಂದು ಪುಟ. ಹಾಗಾದರೆ ಅಲ್ಲಿಗೇ ನೇರ ಹೋಗುವಂತೆ ಬ್ರೌಸರಿಗೆ ಹೇಳಿಕೊಡಬಾರದೇ? ಅದಕ್ಕೊಂದು ಗುಟ್ಟಿನ ಸಂಕೇತವಿದೆ: % ಚಿಹ್ನೆ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಚಿಕ್ಕ ಎಸ್ ಅಕ್ಷರ. 'ಹುಡುಕುವ ಪದ ಇಲ್ಲಿ ಬರಲಿ' ಎಂದು ಇದರ ಅರ್ಥ.

ಮೊದಲು ಕನ್ನಡ ವಿಕಿಪೀಡಿಯಕ್ಕೆ ಹೋಗಿ ಅಲ್ಲಿನ ಚೌಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಅಲ್ಲಿ ಪುಟವಿರಲಾರದಂಥ ಅರ್ಥವಿಲ್ಲದ ಪದವೊಂದನ್ನು ಬರೆದು ಹುಡುಕಿ. ಕನ್ನಡ ಪದ ಬೇಡವೇಕೆ? ವಿಳಾಸವನ್ನು ನಕಲು ಮಾಡಿದಾಗ ಕನ್ನಡದ ಅಕ್ಷರ, ಕಾಗುಣಿತ ಚಿಹ್ನೆ ಪ್ರತಿಯೊಂದೂ ಒಂಬತ್ತೊಂಬತ್ತು ಸಂಕೇತಗಳಾಗಿ ಬಿಚ್ಚಿಕೊಳ್ಳುತ್ತವೆ. 'ಮಳೆ' ಎಂಬ ಎರಡಕ್ಷರದ ಪದ 27 ಸಂಕೇತಗಳಾಗುತ್ತದೆ! ಇಂಗ್ಲಿಷ್ ಪದವಾದರೆ ವಿಳಾಸದಲ್ಲಿ ಹಾಗೇ ಕಾಣುತ್ತದೆ. ಆ ಪದವನ್ನಷ್ಟೇ ಅಳಿಸಿ ಅದರ ಜಾಗದಲ್ಲಿ ಗುಟ್ಟಿನ ಸಂಕೇತ ಹಾಕಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ವಿಭಾಗದೊಳಗೆ 'ಸೈಟ್ ಸರ್ಚ್' ಎಂಬ ಜಾಗವಿದೆ. ಅಲ್ಲಿ 'ಆ್ಯಡ್' ಒತ್ತಿ ಹೆಸರು, ಶಾರ್ಟ್‌ಕಟ್, ಈ ವಿಳಾಸ ಮೂರನ್ನೂ ತುಂಬಿ. ಶಾರ್ಟ್‌ಕಟ್ 'ವಿ' ಎಂದಿಟ್ಟಿದ್ದರೆ, ಮೇಲಿನ ಅಡ್ರೆಸ್ ಬಾರ್‌ನಲ್ಲಿ 'ವಿ' ಬರೆದು ಟ್ಯಾಬ್ ಕೀಲಿ ಒತ್ತಿ, ಪದ ಬರೆದು ಎಂಟರ್ ಒತ್ತಿದರೆ ಆಯಿತು. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಸುಲಭ: ತಾಣದ ಹುಡುಕುವ ಚೌಕದ ಮೇಲೇ ರೈಟ್ ಕ್ಲಿಕ್ ಮಾಡಿದರೆ ಸೇರಿಸಿಕೊಳ್ಳುವ ಆಯ್ಕೆ ಬರುತ್ತದೆ.

ಶಾರ್ಟ್‌ಕಟ್ಟನ್ನು ಕನ್ನಡ ಅಕ್ಷರದಲ್ಲೇ ಇಡುವುದರಲ್ಲಿ ಲಾಭವಿದೆ. ಇಂಗ್ಲಿಷ್ ಅಕ್ಷರ ಇಟ್ಟರೆ ಅದನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಬರೆದು, ಆಮೇಲೆ ಕನ್ನಡಕ್ಕೆ ಬದಲಿಸಿ ಪದ ಬರೆಯಬೇಕು. ಕನ್ನಡ ಪದ ಹುಡುಕುವ ತಾಣಕ್ಕೆ ಕನ್ನಡ ಅಕ್ಷರ, ಇಂಗ್ಲಿಷ್ ತಾಣಕ್ಕೆ ಇಂಗ್ಲಿಷ್ ಅಕ್ಷರ ಎಂದು ನಿಯಮ ಮಾಡಿಕೊಂಡರೆ ಈ ತಾಪತ್ರಯ ಇಲ್ಲ.

ಇದೇ ರೀತಿ 'ಅಲರ್' ನಿಘಂಟಿಗೊಂದು 'ಅ' ಇಟ್ಟುಕೊಳ್ಳಿ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳಿರುವ ಈ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಉಚಿತ. ಇಂಥದೊಂದು ಭಂಡಾರ ಇದೆಯೆಂದು ಗೊತ್ತಿಲ್ಲದೆ ಪದದ ಅರ್ಥಕ್ಕಾಗಿ ಜಾಹೀರಾತು ತುಂಬಿದ ತಾಣಗಳಲ್ಲಿ ಅಲೆಯುವ ಮಕ್ಕಳೇ ಹೆಚ್ಚು.

ಇನ್ನು, ನಲವತ್ತು ಟ್ಯಾಬ್ ತೆರೆದಿಟ್ಟು 'ನೋಟ್ಸ್ ಎಲ್ಲಿತ್ತೋ' ಎಂದು ತಡಕಾಡುವವರಿಗೆ ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ಉಪಾಯವಿದೆ. ಅಡ್ರೆಸ್ ಬಾರ್‌ನಲ್ಲಿ % ಚಿಹ್ನೆ, ಒಂದು ಖಾಲಿ ಜಾಗ, ಆಮೇಲೆ ಪದ ಬರೆದರೆ ತೆರೆದ ಟ್ಯಾಬ್‌ಗಳಲ್ಲಿ ಮಾತ್ರ ಹುಡುಕುತ್ತದೆ. % ಬದಲು * ಹಾಕಿದರೆ ಗುರುತಿಟ್ಟ ಪುಟಗಳಲ್ಲಿ, ^ ಹಾಕಿದರೆ ಹಿಂದೆ ನೋಡಿದ ಪುಟಗಳಲ್ಲಿ. ಹಳೆಯ ಪ್ರತ್ಯೇಕ ಚೌಕವೇ ಬೇಕೆನ್ನುವವರು ಟೂಲ್‌ಬಾರ್ ಹೊಂದಿಸುವ ಕಡೆ ಹೋಗಿ ಅದನ್ನು ಮೇಲಕ್ಕೆ ಎಳೆದುಕೊಳ್ಳಬಹುದು.

ಪೋಷಕರು ಗಮನಿಸಬೇಕಾದ್ದೊಂದಿದೆ. ಈ ಸೌಲಭ್ಯವನ್ನು ನೀವು ಬಳಸದಿದ್ದರೂ ಬೇರೆಯವರು ಬಳಸುತ್ತಾರೆ. 'ಉಚಿತ ಪಿಡಿಎಫ್' ಎಂದೋ 'ಹೊಸ ವಾಲ್‌ಪೇಪರ್' ಎಂದೋ ಮಕ್ಕಳು ಹಾಕಿಕೊಂಡ ಎಕ್ಸ್‌ಟೆನ್ಷನ್ ಸದ್ದಿಲ್ಲದೆ ಹುಡುಕಾಟವನ್ನು ತನ್ನ ಕಡೆಗೆ ತಿರುಗಿಸಿಕೊಂಡಿರಬಹುದು. ಹುಡುಕಿದಾಗ ಎಂದೂ ಕಾಣದ ತಾಣ ತೆರೆದುಕೊಂಡರೆ ಗದರಬೇಡಿ; ಮಕ್ಕಳ ಜೊತೆ ಕೂತು ಎಕ್ಸ್‌ಟೆನ್ಷನ್ ಪಟ್ಟಿ ತೆರೆದು, ಯಾವುದು ಏಕೆ ಬೇಕು ಎಂದು ಕೇಳಿ. ಉತ್ತರ ಸಿಗದ್ದನ್ನು ತೆಗೆದುಹಾಕಿ, ಆಮೇಲೆ ಸರ್ಚ್ ಎಂಜಿನ್ ವಿಭಾಗದಲ್ಲಿ ಮೊದಲ ಆಯ್ಕೆ ಯಾವುದಿದೆ ನೋಡಿ ಸರಿಪಡಿಸಿ.

ಶಾಲೆಯ ಲ್ಯಾಬಿನಲ್ಲೋ ಸೈಬರ್ ಸೆಂಟರಿನಲ್ಲೋ ಇದನ್ನೆಲ್ಲ ಮಾಡಹೋಗಬೇಡಿ. ಅದು ಎಲ್ಲರ ಕಂಪ್ಯೂಟರು, ಮುಂದಿನವರು ಕಂಗಾಲಾದಾರು. ಅಲ್ಲಿ ಎರಡು ಕೀಲಿಜೋಡಿ ಸಾಕು. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಕರ್ಸರ್ ಸೀದಾ ಅಡ್ರೆಸ್ ಬಾರ್‌ಗೆ ಹಾರುತ್ತದೆ. ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒತ್ತಿದರೆ ತಪ್ಪಿ ಮುಚ್ಚಿದ ಟ್ಯಾಬ್ ವಾಪಸು ಬರುತ್ತದೆ. ಅದರಲ್ಲಿ ತುಂಬಿದ್ದ ಅರ್ಜಿಯೂ ಹಾಗೇ ಬರುತ್ತದೆಂಬ ಭರವಸೆ ಇಲ್ಲ. ಆದಾಯ ಪ್ರಮಾಣಪತ್ರದ ಸಂಖ್ಯೆಯನ್ನು ಅಪ್ಪ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರುವುದು ಒಳ್ಳೆಯದು.