ಲೆಕ್ಕ ಬರೆಯುವ ಹುಡುಗರ ಲೆಕ್ಕ ಕೇಳೋರು ಯಾರು?

ಅಂಗಡಿಯವರಿಗೆ ಇವರು ಹೊಸಬರಲ್ಲ. ಹೆಗಲಲ್ಲಿ ಚೀಲ, ಕೈಯಲ್ಲಿ ಫೈಲು. 'ಅಣ್ಣಾ, ಖರೀದಿ ಬಿಲ್ಲು ಇನ್ನೂ ಕೊಟ್ಟಿಲ್ವಲ್ಲ' ಅಂತ ಗಲ್ಲಾ ಮುಂದೆ ನಿಲ್ಲುವ 'ಆಡಿಟರ್ ಆಫೀಸಿನ ಹುಡುಗ'. ಈಗೀಗ ಹುಡುಗಿಯರೂ ಉಂಟು. ಕಾಗದದ ಮೇಲೆ ಇವರ ಹೆಸರು ಆರ್ಟಿಕಲ್ಡ್ ಅಸಿಸ್ಟೆಂಟ್, ಸಿ.ಎ. ಆಗುವ ದಾರಿಯಲ್ಲಿ ಅರ್ಧ ಬಂದವರು.

ಬರೀ ಪುಸ್ತಕ ಓದಿದರೆ ಸಿ.ಎ. ಆಗೋದಿಲ್ಲ. ಆಡಿಟರೊಬ್ಬರ ಕೈಕೆಳಗೆ ಕೂತು ಕೆಲಸ ಕಲಿಯಬೇಕು. ಮೊದಲು 3 ವರ್ಷವಿದ್ದ ಈ ತರಬೇತಿ, 2023ರ ಜುಲೈ 1ರಿಂದ ಬಂದ ಹೊಸ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿದಿದೆ. ಆದರೆ ಇಂಟರ್‌ಮೀಡಿಯೆಟ್‌ನ ಎರಡೂ ಗುಂಪು ಪಾಸಾಗಿರಬೇಕು. ರಜೆಯೂ ವರ್ಷಕ್ಕೆ 12 ದಿನ ಮಾತ್ರ.

ನಿಯಮದ ಪ್ರಕಾರ ವಾರಕ್ಕೆ 35 ಗಂಟೆ ಕೆಲಸ. ಸೆಪ್ಟೆಂಬರ್ ಬಂದು ತೆರಿಗೆ ಆಡಿಟ್ ಗಡುವು ಹತ್ತಿರವಾಯಿತೋ, ಗಂಟೆ ಎಣಿಸೋರು ಯಾರೂ ಇಲ್ಲ! ತಾಲ್ಲೂಕಿನಿಂದ ಬರುವ ಹುಡುಗನಿಗೆ ಆಗ ಒಂದೇ ಚಿಂತೆ: ಕೊನೇ ಬಸ್ಸು.

ಕೈಗೆ ಬರುವ ಕನಿಷ್ಠ ಸ್ಟೈಪೆಂಡ್ ಊರಿನ ಜನಸಂಖ್ಯೆ ನೋಡಿ ನಿಗದಿ. 20 ಲಕ್ಷ ದಾಟಿದ ಊರಿಗೆ ಒಂದು ದರ, 4 ಲಕ್ಷದೊಳಗಿನ ಊರಿಗೆ ಅದಕ್ಕಿಂತ ಕಡಿಮೆ, ನಡುವಿನವಕ್ಕೆ ನಡುವಿನದು. ಹೆಚ್ಚು ಕೊಡಬಾರದೆಂದು ಯಾವ ನಿಯಮವೂ ಹೇಳಿಲ್ಲ. ಬಸ್ ಚಾರ್ಜು, ಊಟ, ಪರೀಕ್ಷೆ ಫೀಜು ಕಳೆದರೆ ಉಳಿಯೋದೆಷ್ಟು? ಬಡವರ ಮನೆ ಮಕ್ಕಳು ಅರ್ಧಕ್ಕೇ ಬಿಡುವ ಅಪಾಯ ಇರೋದು ಇಲ್ಲೇ.

ಹಾಗಂತ ಎಲ್ಲರೂ ಬೆಂಗಳೂರಿಗೇ ಓಡಬೇಕಿಲ್ಲ. ಅಲ್ಲಿಯ ದೊಡ್ಡ ಕಚೇರಿಯಲ್ಲಿ ಕಾಸು ಹೆಚ್ಚು ಸಿಗಬಹುದು. ಒಂದೇ ಕಂಪನಿಯ ಒಂದೇ ಬಾಬತ್ತಿನ ಮುಂದೆ ತಿಂಗಳುಗಟ್ಟಲೆ ಕೂರಬೇಕಾಗಲೂಬಹುದು. ಜಿಲ್ಲಾ ಕೇಂದ್ರದ ಆಫೀಸಿನಲ್ಲಿ ಬೆಳಿಗ್ಗೆ ಕಿರಾಣಿ ಅಂಗಡಿ ಜಿಎಸ್‌ಟಿ, ಮಧ್ಯಾಹ್ನ ಸಹಕಾರಿ ಸಂಘದ ಆಡಿಟ್, ಸಂಜೆ ತೆರಿಗೆ ನೋಟೀಸಿಗೆ ಉತ್ತರ. ಮುಂದೆ ಸ್ವಂತ ಬೋರ್ಡು ಹಾಕೋರಿಗೆ ಇದೇ ಬಂಡವಾಳ.

ಸೇರುವ ಮುನ್ನ ಮೂರು ಮಾತು ಕೇಳಿಕೊಳ್ಳಿ: ಸ್ಟೈಪೆಂಡ್ ಎಷ್ಟು, ಪರೀಕ್ಷೆಗೆ ರಜೆ ಎಷ್ಟು, ಏನೇನು ಕಲಿಸುತ್ತಾರೆ? ಒಪ್ಪಂದವಾದ ಮೇಲೆ ಕಚೇರಿ ಬದಲಿಸುವುದು ಸುಲಭವಲ್ಲ.

ವರ್ತಕರಿಗೂ ಒಂದು ಮಾತು. ಬಿಲ್ಲುಗಳನ್ನು ಕೊನೇ ದಿನದವರೆಗೆ ಚೀಲದಲ್ಲೇ ಇಡಬೇಡಿ. ನಿಮ್ಮ ದಂಡ ಉಳಿಯುತ್ತೆ. ಆ ಹುಡುಗನಿಗೆ ಕೊನೇ ಬಸ್ಸೂ ಸಿಗುತ್ತೆ.