ಶಹಾಬಾದಿನ ಕಲ್ಲು, ಚಿಂಚೋಳಿಯ ಗುಡ್ಡ

ಕನ್ನಡನಾಡಿನ ಎಷ್ಟೋ ಮನೆಗಳ ಪಡಸಾಲೆಗಳಲ್ಲಿಯೂ ಶಾಲೆಗಳಲ್ಲಿಯೂ ನಾವು ತುಳಿದು ನಡೆಯುವ ಬೂದುಬಣ್ಣದ ಹಾಸುಗಲ್ಲಿಗೆ ಶಹಾಬಾದ್ ಕಲ್ಲೆಂದು ಹೆಸರು. ಈ ಹೆಸರನ್ನಿತ್ತ ಊರು ಕಲಬುರಗಿ ಜಿಲ್ಲೆಯಲ್ಲಿದೆ. ಅಲ್ಲಿಂದ ವಾಡಿ, ಚಿತ್ತಾಪುರ, ಸೇಡಂಗಳ ಕಡೆಗೂ ನೆಲದಡಿಯಲ್ಲಿ ಹಬ್ಬಿರುವುದು ಇದೇ ಸುಣ್ಣದ ಕಲ್ಲು.

ಅತಿ ಪ್ರಾಚೀನ ಕಾಲದಲ್ಲಿ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ತಂಗಿ ಗಟ್ಟಿಯಾಯಿತು. ನಡುನಡುವೆ ಜೇಡಿಯ ತೆಳು ಎಳೆಗಳು ಉಳಿದವು. ಹಿಮಾಲಯದ ಶಿಲೆಗಳಂತೆ ಈ ಪದರಗಳು ಮಡಿಕೆಗೊಳ್ಳದೆ ಬಹುಮಟ್ಟಿಗೆ ಮಟ್ಟಸವಾಗಿಯೇ ಮಲಗಿವೆ. ಆದುದರಿಂದಲೇ ಕಲ್ಲುಗಣಿಯ ಕೆಲಸಗಾರನು ಎಳೆಯನ್ನು ಗುರುತಿಸಿ ಉಳಿಯಿಟ್ಟು ಬಡಿದರೆ ಚಪ್ಪಡಿ ಸಲೀಸಾಗಿ ಬಿಡುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಬೌದ್ಧ ಸ್ತೂಪದ ಶಿಲ್ಪಿಗಳು ಅಶೋಕನ ರೂಪವನ್ನು ಹೆಸರುಸಹಿತ ಕಡೆದದ್ದೂ ಸುಣ್ಣದ ಕಲ್ಲಿನಲ್ಲಿಯೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಲಾವಾ ಹರಿದು ಬಂದು ಈ ಕಲ್ಲಿನ ಒಂದು ಭಾಗವನ್ನು ಮುಚ್ಚಿತು. ಆ ಲಾವಾಶಿಲೆ ಶಿಥಿಲವಾಗಿ ತೊಗರಿ ಬೆಳೆಯುವ ಕರಿಯ ಎರೆಭೂಮಿಯಾಯಿತು. ಚಿಂಚೋಳಿಯ ಗುಡ್ಡಗಳ ನೆತ್ತಿಯಲ್ಲಿ ಮಾತ್ರ ಅದು ಮಳೆಬಿಸಿಲುಗಳಿಗೆ ಸಿಕ್ಕಿ ಕೆಂಪು ಜಂಬಿಟ್ಟಿಗೆಯಾಗಿದೆ. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಬಿಸಿಲುಸೀಮೆಯಲ್ಲಿ ಕಾಡು ಉಳಿದಿರುವುದು ಮುಖ್ಯವಾಗಿ ಆ ಗುಡ್ಡಗಳಲ್ಲಿ. 2011ರಲ್ಲಿ ಅದು ವನ್ಯಜೀವಿಧಾಮವೆನಿಸಿತು.

ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳಿಗೆ ಬೇಕಾದುದು ಚಪ್ಪಡಿಯಲ್ಲ, ಕಲ್ಲಿನೊಳಗಿನ ಸುಣ್ಣ. ಕಲ್ಲನ್ನು ಪುಡಿಮಾಡಿ, ಜೇಡಿ ಮೊದಲಾದುವನ್ನು ಬೆರೆಸಿ, ಸುಮಾರು 1,450 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಬೆಂದರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ; ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಒಲೆಗೆ ಉರಿಸಿದ ಕಲ್ಲಿದ್ದಲಿನ ಹೊಗೆ ಈ ಲೆಕ್ಕಕ್ಕೆ ಹೊರತು!

ಇನ್ನು ನೀರಿನ ಮಾತು. ಈ ಕಲ್ಲು ಮರಳಿನಂತೆ ನೀರನ್ನು ಹೀರಿಕೊಳ್ಳಲಾರದು. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ, ಪದರಗಳ ಸಂದುಗಳಲ್ಲಿ. ಮಳೆನೀರು ಗಾಳಿ ಮಣ್ಣುಗಳಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗಿ, ಕಲ್ಲನ್ನು ಕರಗಿಸುತ್ತ ಈ ಸಂದುಗಳನ್ನು ಹಿಗ್ಗಿಸುತ್ತದೆ. ಒಂದು ಹೊಲದ ಬಾವಿ ತುಂಬಿದ್ದು ಪಕ್ಕದ ಹೊಲದ್ದು ಬತ್ತುವುದು ಇದರಿಂದಲೇ. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ಸಂದುಗಳ ನೀರು ಗುಂಡಿಗೆ ಬಸಿಯುತ್ತದೆ; ಅದನ್ನು ಪಂಪಿನಿಂದ ಹೊರಹಾಕಿದಂತೆಲ್ಲ ಅದೇ ಬಿರುಕಿಗೆ ಕೂಡಿಕೊಂಡ ಬಾವಿಗಳು ಇಳಿಯುತ್ತವೆ. ಗಣಿಯನ್ನು ಎಲ್ಲಿ, ಎಷ್ಟು ಆಳ ತೋಡಬೇಕೆಂಬುದು ಆದುದರಿಂದ ರೈತನ ಪ್ರಶ್ನೆಯೂ ಹೌದು.

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರಿಗೆ ನೆಲದೊಳಗಿನ ಈ ಲೋಕ ಬೇರೊಂದು ಬಗೆಯಲ್ಲಿ ಪರಿಚಿತ. 2021ರ ಅಕ್ಟೋಬರಿನಲ್ಲಿ ಅಲ್ಲಿ ಭೂಮಿ ಗುಡುಗಿದಂತೆ ಸದ್ದಾಗಿ, ಮೇಲಿಂದ ಮೇಲೆ ಲಘು ಕಂಪನಗಳಾದವು. ಮಳೆಗಾಲದ ನೀರು ಬಿರುಕುಗಳಿಗೆ ಇಳಿದು ಒಳಗಿನ ಒತ್ತಡ ಬದಲಾದುದೇ ಕಾರಣವಿರಬಹುದೆಂದು ಭೂವಿಜ್ಞಾನಿಗಳು ಊಹಿಸಿದರು. ಆ ದಿನಗಳಲ್ಲಿ ಗ್ರಾಮದ ಅನೇಕರು ರಾತ್ರಿಗಳನ್ನು ಮನೆಯ ಹೊರಗೇ ಕಳೆದರು.